ಬಲಗಾಲಿಗೆ ಬಂದ ಕೆಲಸ

‘ಸುಮ್ನೆ ಪಿಟೀಲು ಕುಯ್ಯಬೇಡ’ ಅಂತ ನಮ್ಮ ಕಡೆ ಬೈತಾರಲ್ಲ, ಇವತ್ತು ನಾನು ಅದನ್ನೇ ಮಾಡೋಕೆ ಬಂದಿದ್ದೀನಿ. ಸ್ವಲ್ಪ ಹೊತ್ತು ಸಹಿಸಿಕೊಳ್ಳಿ.

ನಾನು ಮೈಸೂರಿನವಳು. ಏಳನೇ ವಯಸ್ಸಿನಿಂದ ಹದಿನಾಲ್ಕು ವರ್ಷ ಕರ್ನಾಟಕ ಶೈಲಿಯ ಪಿಟೀಲು ಕಲಿತೆ. ಆಮೇಲೆ ಕೆಲಸ ಸಿಕ್ಕಿ ಪುಣೆಗೆ ಬಂದೆ. ಹಿಂಜವಡಿ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಮನೆ ಸೇರಿದ ಮೇಲೆ ಸಾಧನೆ ಮಾಡೋ ಶಕ್ತಿ ಯಾರಿಗಿರುತ್ತೆ? ಒಂದು ಕಚೇರಿ ಇನ್ನೊಂದು ಕಚೇರಿಯನ್ನು ನುಂಗಿಬಿಡ್ತು. ವೇದಿಕೆ ಹತ್ತೋ ಮಟ್ಟ ಉಳಿಯದ ಮೇಲೆ ನುಡಿಸಿ ಏನು ಪ್ರಯೋಜನ ಅಂತ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟೆ. ಆರು ವರ್ಷ ಅದು ಅಲ್ಲೇ ಇತ್ತು.

ಆಮೇಲೆ ಕಂಪನಿ ನನ್ನನ್ನು ಎರಡು ವರ್ಷಕ್ಕೆ ಐರ್ಲೆಂಡಿನ ಕಾರ್ಕ್ ನಗರಕ್ಕೆ ಕಳಿಸಿತು. ಯಾಕೋ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋದೆ. ಅಲ್ಲಿ ಪಬ್‌ಗಳಲ್ಲಿ ‘ಸೆಷನ್’ ಅಂತ ನಡೆಯುತ್ತೆ. ಮೂಲೆಯ ಮೇಜಿನ ಸುತ್ತ ಫಿಡಲ್, ಕೊಳಲು, ಅಕಾರ್ಡಿಯನ್, ನಮ್ಮ ತಮಟೆಯಂಥ ಬೌರಾನ್. ವೇದಿಕೆ ಇಲ್ಲ, ಮೈಕ್ ಇಲ್ಲ. ನುಡಿಸೋರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿರ್ತಾರೆ. ಕೇಳೋರಿಗೆ ಕಾಣೋದು ಅವರ ಬೆನ್ನು! ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, “ಬಾರ್‌ನಲ್ಲಿ ಪಿಟೀಲಾ? ನಿಮ್ಮ ಮೇಷ್ಟ್ರಿಗೆ ಮಾತ್ರ ಹೇಳ್ಬೇಡಮ್ಮ” ಅಂದರು.

ಮೊದಲ ದಿನ ಅವರು ‘ಜಿಗ್’ ನುಡಿಸ್ತಿದ್ದರು. ತಕಿಟ ತಕಿಟ ಅಂತ ಮೂರು ಮೂರರ ನಡೆ. ಸ್ವರಗಳು ಹೆಚ್ಚುಕಮ್ಮಿ ಶಂಕರಾಭರಣದವೇ. ಮಟ್ಟು ಕೂಡ ಚಿಕ್ಕದು: ಎಂಟು ಬಾರ್ ಎರಡು ಸಲ, ಇನ್ನೊಂದು ಎಂಟು ಎರಡು ಸಲ, ಒಟ್ಟು 32. ಇಷ್ಟೇ ತಾನೇ ಅಂದುಕೊಂಡೆ. ಎರಡನೇ ಸುತ್ತಿಗೆ ಹಿಡಿದೆ, ಮೂರನೇ ಸುತ್ತಿಗೆ ಗಮಕ ಹಾಕಿ, ಜಾಗ ಸಿಕ್ಕಲ್ಲೆಲ್ಲ ಸಂಗತಿ ತುಂಬಿದೆ. ಪಕ್ಕದಲ್ಲಿದ್ದ ಹಿರಿಯರು ತಮ್ಮ ಫಿಡಲ್ ಕೆಳಗಿಟ್ಟು ನಗುತ್ತಾ ಕೇಳಿದರು. ಮುಗಿದ ಮೇಲೆ, “ತುಂಬಾ ಚೆನ್ನಾಗಿತ್ತು. ಆದರೆ ಇದಕ್ಕೆ ಕುಣಿಯೋಕಾಗಲ್ಲ” ಅಂದರು.

ಆ ಒಂದು ಮಾತಿಗೆ ನನ್ನ ಹದಿನಾಲ್ಕು ವರ್ಷ ಕುಸಿದು ಬಿತ್ತು. ಎರಡು ವಾರ ಆ ಕಡೆ ತಲೆ ಹಾಕಲಿಲ್ಲ. ಮೂರನೇ ವಾರ ಹೋಗಿ, ಕಲಿಸ್ತೀರಾ ಅಂತ ಅವರನ್ನೇ ಕೇಳಿದೆ.

ಸ್ವರ ಬರೆದುಕೊಳ್ಳೋಕೆ ಹೋದರೆ ಪುಸ್ತಕ ಮುಚ್ಚಿಸಿದರು. ಅವರು ಒಂದು ತುಣುಕು ನುಡಿಸೋದು, ನಾನು ಹಾಗೇ ಹಿಂದಿರುಗಿಸೋದು. ಅದು ನಮ್ಮ ಪಾಠದ ಕ್ರಮವೇ, ಹೊಸದೇನಲ್ಲ. ಕಷ್ಟವಾದದ್ದು ಬೇರೆ. ನಮ್ಮ ತಂತಿಗಳು ಸ-ಪ-ಸ-ಪ. ಅವರ ನಾಲ್ಕು ತಂತಿಗಳ ನಡುವೆಯೂ ಒಂದೇ ಅಂತರ, ಸ-ಪ ಅಂತರ. ಹಾಗಾಗಿ ನಡುವಿನ ತಂತಿ ದಾಟಿದ ಕೂಡಲೇ ನನ್ನ ಬೆರಳು ತಪ್ಪು ಮನೆಗೆ ಹೋಗ್ತಿತ್ತು.

ಅವರ ‘ರೋಲ್’ ಅನ್ನೋ ಅಲಂಕಾರ ನೋಡಿ: ಒಂದು ಸ್ವರ ಹಿಡಿದು, ಮೇಲಿನದನ್ನು ಮುಟ್ಟಿ, ಮತ್ತೆ ಅದೇ ಸ್ವರ, ಕೆಳಗಿನದನ್ನು ತಟ್ಟಿ, ಮತ್ತೆ ಅದೇ ಸ್ವರ. ಮುಟ್ಟಿದ ಸ್ವರ ಸ್ವರವಾಗಿ ಕೇಳಿಸಲೇಬಾರದು, ಸಣ್ಣ ಪೆಟ್ಟಿನ ಹಾಗೆ ಕೇಳಿಸಬೇಕು. ಸ್ವರದಿಂದ ಸ್ವರಕ್ಕೆ ಜಾರಿ ಜಾರಿ ರೂಢಿಯಾದ ನನ್ನ ಬೆರಳಿಗೆ ಇದು ಶಿಕ್ಷೆ.

ಎಲ್ಲಕ್ಕಿಂತ ಕಷ್ಟವಾದದ್ದು ಬಲಗಾಲು. ನಾವು ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತುದಿಯನ್ನು ಬಲಪಾದದ ಮೇಲೆ ಊರಿ ನುಡಿಸ್ತೀವಿ. ಕಾಲು ಅಲುಗಿದರೆ ವಾದ್ಯವೇ ಅಲುಗುತ್ತೆ. ಅಲುಗಬೇಡ ಅಂತಲೇ ಹದಿನಾಲ್ಕು ವರ್ಷ ಕಲಿತ ಕಾಲಿಗೆ, ಅಲ್ಲಿ ಕುರ್ಚಿ ಮೇಲೆ ಕೂರಿಸಿ ನೆಲ ತಟ್ಟು ಅಂದರು! ಕಷ್ಟದ ಜಾಗ ಬಂದಾಗ ನನ್ನ ಕಾಲು ನಿಂತುಬಿಡೋದು, ಇಲ್ಲಾ ಓಡೋದು. ಅವರು ಏನೂ ಹೇಳದೆ ನನ್ನ ಪಾದದ ಕಡೆ ಕೈ ತೋರಿಸ್ತಿದ್ದರು. ನಾನು ಕೈಯಿಂದ ಎಷ್ಟು ಚಮತ್ಕಾರ ಮಾಡಿದರೂ ತಾಳ ಓಡ್ತಿದೆ ಅನ್ನೋದನ್ನು ಕಾಲು ಹೇಳಿಬಿಡ್ತಿತ್ತು.

ಅವರೇ ಒಂದು ಸಲ ಫ್ರಾನ್ಸಿಸ್ ಓನೀಲ್ ಕಥೆ ಹೇಳಿದರು. ಕಾರ್ಕ್ ಕೌಂಟಿಯ ಹುಡುಗ, ಹದಿಹರೆಯದಲ್ಲಿ ಹಡಗು ಹತ್ತಿ ಊರು ಬಿಟ್ಟ. ಕೊನೆಗೆ 1901ರಲ್ಲಿ ಷಿಕಾಗೋ ಪೊಲೀಸ್ ಮುಖ್ಯಸ್ಥನಾದ. ಅಲ್ಲಿಗೆ ವಲಸೆ ಬಂದಿದ್ದ ಐರಿಷ್ ಜನರ ಬಾಯಲ್ಲಿ, ಕೈಯಲ್ಲಿ ಉಳಿದಿದ್ದ ಮಟ್ಟುಗಳನ್ನು ಹುಡುಕಿ ಹುಡುಕಿ ಕೂಡಿಸಿ, 1903ರಲ್ಲಿ 1,850 ಮಟ್ಟುಗಳ ಪುಸ್ತಕ ತಂದ. ಸ್ಲೈಗೋ ಕಡೆಯ ಮೈಕೆಲ್ ಕೋಲ್ಮನ್ 1914ರಲ್ಲಿ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕಿನಲ್ಲಿ ಫಿಡಲ್ ರೆಕಾರ್ಡ್ ಮಾಡಿದರು. ಆ ತಟ್ಟೆಗಳು ವಾಪಸ್ ಐರ್ಲೆಂಡಿಗೆ ಬಂದು, ಊರಲ್ಲೇ ಇದ್ದವರು ಅದನ್ನು ಕೇಳಿ ಕಲಿತರು. ಊರು ಬಿಟ್ಟಿದ್ದಕ್ಕೇ ನನ್ನ ಸಂಗೀತ ಹೋಯ್ತು ಅಂತ ನಾನು ಆರು ವರ್ಷ ಹೇಳಿಕೊಂಡು ಬಂದಿದ್ದೆ. ಆ ರಾತ್ರಿ ಆ ನೆಪ ಕೈಬಿಟ್ಟು ಹೋಯ್ತು.

ವಾಪಸ್ ಬಂದ ಮೇಲೆ ಮೈಸೂರಿಗೆ ಹೋದೆ. ಮೇಷ್ಟ್ರಿಗೆ ವಿಷಯ ಆಗಲೇ ಗೊತ್ತಿತ್ತು, ಹೇಳಿದ್ದು ಅಮ್ಮನೇ. ಕೈ ಕೆಡಿಸಿಕೊಂಡೆ ಅಂತ ಬೈತಾರೆ ಅನ್ನೋ ಭಯದಲ್ಲೇ ಮೋಹನ ವರ್ಣ ಎರಡು ಕಾಲದಲ್ಲಿ ನುಡಿಸಿದೆ. ಕೊನೆವರೆಗೂ ತಾಳ ಹಾಕಿ, “ಎರಡನೇ ಕಾಲದಲ್ಲಿ ಯಾವಾಗಲೂ ಓಡ್ತಿದ್ದೆ. ಈಗ ಓಡ್ತಾ ಇಲ್ಲ. ಗಮಕ ಸ್ವಲ್ಪ ಒಣಗಿದೆ, ನೋಡ್ಕೋ” ಅಂದರು. ಎರಡೂ ನಿಜ. ಗಮಕವನ್ನು ಈಗ ಮತ್ತೆ ತಿದ್ದಿಕೊಳ್ತಾ ಇದ್ದೀನಿ.

ನಾನೇನೂ ದೊಡ್ಡ ಐರಿಷ್ ಫಿಡಲರ್ ಆಗಿಲ್ಲ. ನೆಟ್ಟಗೆ ಬರೋದು ಮೂವತ್ತು ಮಟ್ಟು. ಆದರೆ ಈಗ ಭಾನುವಾರ ಸಂಜೆ ವಾಕಡ್‌ನ ನಮ್ಮ ಮನೆಯಲ್ಲಿ ಆರೇಳು ಕನ್ನಡದವರು ಸೇರ್ತೀವಿ. ಒಂದು ಹಾರ್ಮೋನಿಯಂ, ಒಂದು ಮೃದಂಗ, ನನ್ನ ಪಿಟೀಲು, ಉಳಿದವರ ಗಂಟಲು. ದೇವರನಾಮ, ಭಾವಗೀತೆ, ನೆನಪಿಗೆ ಬಂದದ್ದು. ಎಲ್ಲರೂ ದುಂಡಗೆ ಕೂರ್ತೀವಿ. ನಿಯಮ ಒಂದೇ: ಬರೀ ಕೇಳೋಕೆ ಅಂತ ಯಾರೂ ಬರೋ ಹಾಗಿಲ್ಲ.

ನಿಮ್ಮ ಅಟ್ಟದ ಮೇಲೂ ಅಂಥ ಪೆಟ್ಟಿಗೆ ಇದ್ದರೆ ಈ ವಾರ ಇಳಿಸಿ. ಮೊದಲು ತಂತಿ ಬದಲಾಯಿಸಿ, ತುಕ್ಕು ಹಿಡಿದಿರುತ್ತೆ.