ಹೊಸ ಪದವೀಧರರಿಗೆ ಕಾಮಗಾರಿ ನಿರ್ವಹಣೆಯ ತರಬೇತಿ: ಸದಸ್ಯರ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಇಂಜಿನಿಯರಿಂಗ್ ಪದವಿ ಮುಗಿಸಿದ ಯುವಕ ಯುವತಿಯರು ತಾಂತ್ರಿಕ ಸಹಾಯಕರಾಗಿ ಪಂಚಾಯತಿಗಳಿಗೆ ಬರುತ್ತಿದ್ದಾರೆ. ನಕ್ಷೆ ಓದುವುದು, ಅಂದಾಜು ಪಟ್ಟಿ ತಯಾರಿಸುವುದು ಅವರಿಗೆ ತಿಳಿದಿದೆ. ಆದರೆ ಕಾಮಗಾರಿಯೊಂದನ್ನು ಆರಂಭದಿಂದ ಹಸ್ತಾಂತರದವರೆಗೆ ನಡೆಸುವ ವಿದ್ಯೆ ತರಗತಿಯಲ್ಲಿ ಪೂರ್ಣವಾಗಿ ದೊರೆಯುವುದಿಲ್ಲ. ಅದನ್ನು ಕಲಿಸಬೇಕಾದುದು ಗ್ರಾಮವೇ.

ಒಂದು ಕೇರಿಗೆ ಸಿ.ಸಿ. ರಸ್ತೆ, ಚರಂಡಿ, ಮನೆ ಮನೆಗೆ ನಲ್ಲಿ ಮೂರೂ ಮಂಜೂರಾಗಿವೆ ಎಂದು ಭಾವಿಸೋಣ. ಮೂರರ ಅಂದಾಜು ಪಟ್ಟಿಯೂ ಸರಿಯಾಗಿರಬಹುದು. ಆದರೂ ರಸ್ತೆ ಮೊದಲು ಮುಗಿದರೆ ಕೊಳವೆಗಾಗಿ ಅದನ್ನೇ ಅಗೆಯಬೇಕಾಗುತ್ತದೆ. ಮೊದಲು ಕೊಳವೆ ಹಾಕಿ ಸೋರಿಕೆ ಪರೀಕ್ಷಿಸಬೇಕು. ಕಂದಕವನ್ನು ಮುಚ್ಚಿ ಗಟ್ಟಿಗೊಳಿಸಿ, ಚರಂಡಿ ಕಟ್ಟಿ, ಕೊನೆಯಲ್ಲಿ ರಸ್ತೆ ಮಾಡಬೇಕು. ಈ ಕ್ರಮವನ್ನು ಮುಂದಾಗಿ ನಿಶ್ಚಯಿಸುವುದೇ ಕಾಮಗಾರಿ ನಿರ್ವಹಣೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನ ಗುರಿ ತಲಾ ದಿನಕ್ಕೆ 55 ಲೀಟರ್ ನೀರು. ಹೂಳಿದ ಕೊಳವೆಯ ಉದ್ದವಲ್ಲ ಎಂಬುದನ್ನು ಹೊಸಬರು ಮೊದಲ ದಿನವೇ ಅರಿಯಬೇಕು.

ಇದಕ್ಕಾಗಿ ಸದಸ್ಯರು ಮಾಡಬಹುದಾದ ಕೆಲಸಗಳು ಇಂತಿವೆ:

1. ಹೊಸಬರನ್ನು ನೀರುಗಂಟಿಯೊಂದಿಗೆ ವಾರ್ಡಿನಲ್ಲಿ ಸುತ್ತಾಡಿಸುವುದು. ಹಳೆಯ ಕೊಳವೆ ಎಲ್ಲಿದೆ, ಮಳೆಯ ನೀರು ಎಲ್ಲಿ ನಿಲ್ಲುತ್ತದೆ, ಸುಗ್ಗಿಯಲ್ಲಿ ಕೂಲಿಯಾಳುಗಳು ಯಾವಾಗ ದೊರೆಯುವುದಿಲ್ಲ ಎಂಬುದು ಯಾವ ನಕ್ಷೆಯಲ್ಲೂ ಇರುವುದಿಲ್ಲ.

2. ಹಿರಿಯ ಇಂಜಿನಿಯರರ ಮೇಲ್ವಿಚಾರಣೆಯಲ್ಲಿ ಒಂದು ಸಣ್ಣ ಕಾಮಗಾರಿಯನ್ನು ಪೂರ್ತಿಯಾಗಿ ವಹಿಸುವುದು. ದಿನಾಂಕವಾರು ವೇಳಾಪಟ್ಟಿಯನ್ನು ಅವರೇ ಬರೆಯಲಿ. ಕಾಂಕ್ರೀಟಿಗೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ 10 ದಿನ ಕ್ಯೂರಿಂಗ್ ಬೇಕು; ಆ ದಿನಗಳೂ, ಬೇಕಾಗುವ ನೀರೂ ಪಟ್ಟಿಯಲ್ಲಿರಲಿ.

3. ಸಾಮಾನ್ಯ ಸಭೆಯಲ್ಲಿ ಪ್ರಗತಿಯನ್ನು ಅವರಿಂದಲೇ ಓದಿಸುವುದು. ವಿಳಂಬಕ್ಕೆ ಕಾರಣ ಹೇಳುವ ಧೈರ್ಯ ಅಲ್ಲಿ ಬೆಳೆಯುತ್ತದೆ.

ಕೊನೆಯ ಮಾತು ಅಳತೆ ಪುಸ್ತಕದ್ದು. ಅಳೆಯದ ಕೆಲಸಕ್ಕೆ ಸಹಿ ಹಾಕುವಂತೆ ಒತ್ತಾಯ ಬಂದಾಗ, ನೌಕರಿಗೆ ಹೊಸದಾಗಿ ಸೇರಿದವರು ಇಲ್ಲವೆನ್ನಲು ಅಂಜುತ್ತಾರೆ. ಮುಂದೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದರೆ ಒತ್ತಾಯಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ಸಹಿ ಮಾತ್ರ ಉಳಿದಿರುತ್ತದೆ. ಸಹಿ ಹಾಕಲು ಒಪ್ಪದ ಯುವತಿಯ ಬೆಂಬಲಕ್ಕೆ ಒಬ್ಬ ಸದಸ್ಯರು ನಿಂತರೂ ಸಾಕು, ಆ ಪಂಚಾಯತಿಗೆ ಒಬ್ಬ ಪ್ರಾಮಾಣಿಕ ಇಂಜಿನಿಯರ್ ದೊರೆತಂತೆಯೇ ಸರಿ. ಈ ಬೆಂಬಲವನ್ನು ನೀಡಲು ಅನುದಾನ ಬೇಕಿಲ್ಲ, ಸದಸ್ಯರ ಮನಸ್ಸು ಬೇಕು.