ಅರಗಿನ ಹೊಳಪು, ಜಪಾನಿನ ನೆನಪು

ಬೆಂಗಳೂರಿನಿಂದ ಮೈಸೂರಿಗೆ ಹಳೆಯ ದಾರಿಯಲ್ಲಿ ಹೊರಟವರಿಗೆ, ರಾಮನಗರದ ಬಂಡೆಗಳು ಹಿಂದೆ ಸರಿದ ಮೇಲೆ ಚನ್ನಪಟ್ಟಣದ ಬೊಂಬೆಯಂಗಡಿಗಳು ಎದುರಾಗುತ್ತವೆ. ಅಲ್ಲಿಯ ಬುಗುರಿಯನ್ನೋ ಗಿಲಕಿಯನ್ನೋ ಎತ್ತಿಕೊಂಡರೆ ಮೊದಲು ಕಣ್ಸೆಳೆಯುವುದು ಅದರ ಹೊಳಪು. ಈ ಹೊಳಪಿಗೆ ಜನ ಎರಡು ಮೂಲಗಳನ್ನು ಹೇಳುತ್ತಾರೆ. ಟಿಪ್ಪು ಸುಲ್ತಾನನು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದನೆಂಬುದು ಒಂದು; ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿಗೆ ಹೋಗಿ ಮೆರುಗಿನ ವಿದ್ಯೆಯನ್ನು ಕಲಿತು ಬಂದರೆಂಬುದು ಇನ್ನೊಂದು. ಈ ಎರಡನೆಯ ಮಾತನ್ನು ಕುರಿತು ಸ್ವಲ್ಪ ವಿಚಾರಿಸೋಣ.

ಜಪಾನಿನ ಮೆರುಗಿಗೆ ಉರುಷಿ ಎಂದು ಹೆಸರು. ಅದು ಮರದ ತೊಗಟೆಯನ್ನು ಗೀರಿ ತೆಗೆದ ರಸ. ಹಸಿಯಾಗಿದ್ದಾಗ ಮೈಗೆ ತಗುಲಿದರೆ ತುರಿಕೆಯೇಳುತ್ತದೆ. ವಿಚಿತ್ರವೆಂದರೆ, ಅದು ಗಟ್ಟಿಯಾಗುವುದು ಬಿಸಿಲಿನಲ್ಲಲ್ಲ, ತೇವದ ಗಾಳಿಯಲ್ಲಿ. ಒಂದು ಲೇಪವನ್ನು ಉಜ್ಜಿ ಅದರ ಮೇಲೆ ಮತ್ತೊಂದು. ಹೀಗೆ ವಾರಗಳು, ತಿಂಗಳುಗಳು ಉರುಳುತ್ತವೆ. ನಮ್ಮ ಅರಗೋ ಕೀಟದ ಕೊಡುಗೆ. ಹಾಲೆಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜುವಿಕೆಯ ಬಿಸಿಗೇ ಅದು ಕರಗಿ ಮರವನ್ನು ಹಿಡಿಯುತ್ತದೆ. ಮೇಲೆ ತಾಳೆಗರಿಯನ್ನು ಒತ್ತಿದರೆ ಹರಡಿ ಮಿನುಗುತ್ತದೆ. ಕೆಲಸ ನಮ್ಮ ಕಣ್ಣೆದುರಿಗೇ ಮುಗಿಯುತ್ತದೆ.

ವಸ್ತುವೂ ಬೇರೆ, ವಿಧಾನವೂ ಬೇರೆ ಎಂದಾಯಿತು. ಕುಂಬಾರಿಕೆಯಲ್ಲಿ ಹೀಗಿಲ್ಲ. ದೆಹಲಿಯ ಗುರುಚರಣ್ ಸಿಂಗ್ 1919ರ ಸುಮಾರಿಗೆ ಜಪಾನಿಗೆ ಹೋಗಿ, ಬರ್ನಾರ್ಡ್ ಲೀಚ್, ಯಾನಗಿ ಮೊದಲಾದವರ ಬಳಗವನ್ನು ಕಂಡು, ಆ ವಿದ್ಯೆಯನ್ನು ಇಲ್ಲಿಗೆ ತಂದರು. ಮಡಕೆಯ ಮೆರುಗಿಗೆ ಬೇಕಾದ ಬೂದಿ, ಕಲ್ಲಿನ ಪುಡಿ, ಬೆಂಕಿ ಎಲ್ಲೆಡೆಯೂ ಉಂಟಷ್ಟೆ. ಉರುಷಿಯ ಮರವನ್ನು ಚನ್ನಪಟ್ಟಣಕ್ಕೆ ತರುವುದು ಹೇಗೆ?

ಹಾಗಾದರೆ ಬಾವಾಸ್ ಮಿಯಾನರು ತಂದದ್ದೇನು? ಕೈಯನ್ನಲ್ಲ, ಕಣ್ಣನ್ನು ತಂದಿರಬೇಕೆಂದು ನನ್ನ ಊಹೆ. ಜಪಾನಿನ ಕೊಕೇಶಿ ಬೊಂಬೆಯೂ ಕಡೆದು ಮಾಡಿದ್ದೇ: ದುಂಡು ತಲೆ, ಕಂಬದಂಥ ಮೈ, ಕೈಕಾಲುಗಳಿಲ್ಲ. ಚನ್ನಪಟ್ಟಣದ ಬೊಂಬೆಯ ಪಕ್ಕದಲ್ಲಿಟ್ಟರೆ ದಾಯಾದಿಗಳಂತೆ ಕಾಣುತ್ತವೆ.

ನನಗೆ ಬೇಸರ ತರುವುದು ಬೇರೊಂದು ಮಾತು. ಯಾನಗಿಯವರು ಹೆಸರಿಲ್ಲದ ಕುಶಲಿಗಳ ಕೈಯಲ್ಲಿ ಮೂಡಿದ ದಿನಬಳಕೆಯ ಚೆಲುವನ್ನು ಎತ್ತಿ ಹಿಡಿದವರು. ನಾವಾದರೋ ಹಡಗು ಹತ್ತಿದ ಒಬ್ಬರ ಹೆಸರನ್ನು ನೆನೆದು, ಯಂತ್ರದ ಮುಂದೆ ಕುಳಿತೇ ಬಾಳು ಸವೆಸಿದವರನ್ನು ಮರೆತೆವು. "ಜಪಾನಿನಷ್ಟು ಬಾಳಿಕೆಯಿಲ್ಲ" ಎಂದು ಮೂಗು ಮುರಿಯುವವರೂ ಉಂಟು. ಉರುಷಿಯ ಬಟ್ಟಲಿನಲ್ಲಿ ಬಿಸಿ ಸಾರು ಕುಡಿಯಬಹುದು, ನಿಜ. ಅರಗಿನ ಬಟ್ಟಲಿಗೆ ಅದನ್ನು ಸುರಿದರೆ ಮೆರುಗು ಮೆತ್ತಗಾಗುತ್ತದೆ. ಆದರೆ ಬುಗುರಿಗೆ ಬಿಸಿ ಸಾರಿನ ಗೊಡವೆಯೇಕೆ? ಅದರ ಬಣ್ಣ ಮಾಸಿದರೆ ಮತ್ತೆ ಯಂತ್ರಕ್ಕೇರಿಸಿ ಅರಗಿನ ಕಡ್ಡಿಯನ್ನು ಒತ್ತಿದರಾಯಿತು.