ಅಕ್ಷರಕ್ಕೆ ಕಟ್ಟಿದ ಬೇಲಿ

(ಸಂಘದ ವಾರ್ಷಿಕೋತ್ಸವದ ಸಾಹಿತ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಂತಹ ಉತ್ಸವಗಳಲ್ಲಿ ಕನ್ನಡ ಪಂಡಿತರು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವುದು ವಾಡಿಕೆ. ಇಂದು ನಾವು ಆ ವಾಡಿಕೆಯನ್ನು ಮೀರಿ ತಮ್ಮನ್ನು ಸಮುದ್ರದಾಚೆಯ ಅಮೆರಿಕಕ್ಕೆ ಕರೆದೊಯ್ಯಬೇಕೆಂದಿದ್ದೇವೆ. ಕಾರಣವಿಷ್ಟೆ: ಗಡಿನಾಡಿನವರಾದ ನಮ್ಮ ಯಾವ ಸಭೆಯೂ ಶಾಲೆ, ಪಠ್ಯಪುಸ್ತಕ, ವಾಚನಾಲಯಗಳ ಮಾತಿಲ್ಲದೆ ಮುಗಿಯುವುದಿಲ್ಲ. ಆದರೆ ಅಕ್ಷರದ ನಿಜವಾದ ಬೆಲೆಯನ್ನು ಅರಿಯಬೇಕಾದರೆ, ಅದನ್ನು ಪಡೆದವರನ್ನು ಕೇಳಿದರೆ ಸಾಲದು. ಅದನ್ನು ಪರರಿಗೆ ಕೊಡಲು ಹೆದರಿದವರ ನಡೆಯನ್ನೂ ನೋಡಬೇಕು. ಆ ಹೆದರಿಕೆಯು ಅಮೆರಿಕದ ಕಪ್ಪು ಜನರ ಚರಿತ್ರೆಯಲ್ಲಿ ಕಾನೂನಿನ ರೂಪವನ್ನೇ ತಾಳಿ ನಿಂತಿದೆ.

ನಮ್ಮಲ್ಲಿ ಮಗುವಿಗೆ ಅಕ್ಷರಾಭ್ಯಾಸವೆಂದರೆ ಮಂಗಳಕಾರ್ಯ. ಹರಿವಾಣದ ಅಕ್ಕಿಯ ಮೇಲೆ ಎಳೆಯ ಬೆರಳನ್ನು ಹಿಡಿದು ತಿದ್ದಿಸುತ್ತೇವೆ. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಗುಲಾಮರ ಮಗುವಿಗೆ ಇದೇ ಕಾರ್ಯವನ್ನು ಮಾಡುವುದು ಅಪರಾಧವಾಗಿತ್ತು. ದಕ್ಷಿಣ ಕೆರೊಲಿನದಲ್ಲಿ 1739ರಲ್ಲಿ ಗುಲಾಮರು ದಂಗೆಯೆದ್ದರು. 1740ರಲ್ಲಿ ಅಲ್ಲಿಯ ಶಾಸನಸಭೆಯು ಗುಲಾಮನಿಗೆ ಬರೆಯಲು ಕಲಿಸಿದವನಿಗೆ 100 ಪೌಂಡ್ ದಂಡವೆಂದು ವಿಧಿಸಿತು. ಉತ್ತರ ಕೆರೊಲಿನವು 1830ರ ದಶಕದ ಮೊದಲಿನಲ್ಲಿ ಇನ್ನೂ ಕಠಿನವಾದ ಕಾಯಿದೆಯನ್ನು ಮಾಡಿತು. ಒಬ್ಬ ಗುಲಾಮನು ಮತ್ತೊಬ್ಬ ಗುಲಾಮನಿಗೆ ಓದುಬರಹ ಕಲಿಸಿದರೆ ಬರಿಯ ಬೆನ್ನಿನ ಮೇಲೆ 39 ಛಡಿ ಏಟು. ಈ ಕಾಯಿದೆಯಲ್ಲಿ ಒಂದೇ ಒಂದು ವಿನಾಯಿತಿ ಇತ್ತು: ಅಂಕಿಗಳನ್ನು ಕಲಿಸಬಹುದು. ಹತ್ತಿಯ ಮೂಟೆಗಳನ್ನು ಎಣಿಸುವ ಆಳು ಒಡೆಯನಿಗೆ ಬೇಕು. ಹತ್ತಿಯ ಹೊಲ ಯಾರ ಬೆವರಿನದೆಂದು ಬರೆಯಬಲ್ಲ ಆಳು ಬೇಡ. ಎಂತಹ ಲೆಕ್ಕಾಚಾರವೆಂಬುದನ್ನು ತಾವೇ ಯೋಚಿಸಿರಿ.

ಇಂತಹ ಕಾಲದಲ್ಲಿಯೂ ಅಕ್ಷರವನ್ನು ಗಳಿಸಿದ ಇಬ್ಬರ ಕಥೆಯನ್ನು ತಮ್ಮ ಮುಂದಿಡುತ್ತೇವೆ. ಮೊದಲನೆಯವಳು ಫಿಲಿಸ್ ವೀಟ್ಲಿ. 1761ರಲ್ಲಿ ಪಶ್ಚಿಮ ಆಫ್ರಿಕದಿಂದ ಹಿಡಿದು ತಂದ ಒಂದು ಹೆಣ್ಣುಮಗು ಬಾಸ್ಟನ್ ಪಟ್ಟಣದಲ್ಲಿ ಮಾರಾಟಕ್ಕೆ ನಿಂತಿತು. ಮುಂಬಾಯಿಯ ಹಾಲುಹಲ್ಲು ಬೀಳುತ್ತಿದ್ದುದರಿಂದ ಅದರ ವಯಸ್ಸು ಏಳೆಂದು ಎಣಿಸಿದರಂತೆ. ತಾಯಿ ಇಟ್ಟ ಹೆಸರು ಯಾವ ದಾಖಲೆಯಲ್ಲಿಯೂ ಉಳಿಯಲಿಲ್ಲ. ತಂದ ಹಡಗಿನ ಹೆಸರು ಫಿಲಿಸ್, ಕೊಂಡ ಮನೆತನದ ಹೆಸರು ವೀಟ್ಲಿ, ಇವೆರಡೂ ಸೇರಿ ಅವಳ ಹೆಸರಾಯಿತು. ಆ ಮನೆಯವರು ಅವಳಿಗೆ ಓದು ಕಲಿಸಿದರು. ಹದಿಹರೆಯದಲ್ಲಿಯೇ ಅವಳು ಇಂಗ್ಲಿಷಿನಲ್ಲಿ ಕವಿತೆಗಳನ್ನು ರಚಿಸತೊಡಗಿದಳು. 1773ರಲ್ಲಿ ಅವಳ ಕವನಸಂಗ್ರಹವು ಲಂಡನ್ನಿನಲ್ಲಿ ಅಚ್ಚಾಯಿತು. ಆ ಪುಸ್ತಕದ ಮೊದಲಿಗೆ ಒಂದು ವಿಚಿತ್ರವಾದ ಪತ್ರವಿದೆ. ಈ ಕವಿತೆಗಳನ್ನು ಈ ಹುಡುಗಿಯೇ ಬರೆದಳೆಂದು ನಂಬುತ್ತೇವೆ ಎಂದು ಪ್ರಾಂತದ ಗವರ್ನರರೂ ಒಳಗೊಂಡಂತೆ ಬಾಸ್ಟನ್ನಿನ 18 ಮಂದಿ ಗಣ್ಯರು ರುಜು ಹಾಕಿದ್ದಾರೆ. ಕವಿಗೆ ಮುನ್ನುಡಿ ಬರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿಯೂ ಉಂಟು. ಆದರೆ ತನ್ನ ಕಾವ್ಯ ತನ್ನದೇ ಎಂಬುದಕ್ಕೆ ಜಾಮೀನು ಬೇಕಾದ ಕವಿಯನ್ನು ನಾವು ಬೇರೆ ಕಡೆ ಕಂಡಿಲ್ಲ. ಇಷ್ಟಾದರೂ, ಸರ್ವರೂ ಸಮಾನರೆಂಬ ಘೋಷಣೆಯನ್ನು ರಚಿಸಿದ ಥಾಮಸ್ ಜೆಫರ್ಸನ್ನನು ತನ್ನ ಗ್ರಂಥವೊಂದರಲ್ಲಿ ಇವಳ ಕವಿತೆಗಳು ವಿಮರ್ಶೆಗೂ ಅರ್ಹವಲ್ಲವೆಂದು ತಳ್ಳಿಹಾಕಿದನು. 1784ರಲ್ಲಿ ಫಿಲಿಸ್ ಬಡತನದಲ್ಲಿ ತೀರಿಕೊಂಡಳು. ಅವಳು ಸಿದ್ಧಪಡಿಸಿದ್ದ ಎರಡನೆಯ ಸಂಗ್ರಹವು ಅಚ್ಚಾಗಲೇ ಇಲ್ಲ.

ಎರಡನೆಯವನು ಫ್ರೆಡರಿಕ್ ಡಗ್ಲಸ್. 1818ರ ಸುಮಾರಿಗೆ ಮೇರಿಲೆಂಡ್ ಪ್ರಾಂತದಲ್ಲಿ ಗುಲಾಮಳೊಬ್ಬಳ ಮಗನಾಗಿ ಹುಟ್ಟಿದನು. ಹುಟ್ಟಿದ ದಿನವೂ ಅವನಿಗೆ ತಿಳಿಯದು. ಬಾಲ್ಟಿಮೋರ್ ಪಟ್ಟಣದ ಒಂದು ಮನೆಗೆ ಅವನನ್ನು ಚಾಕರಿಗೆ ಕಳುಹಿಸಿದಾಗ ಆ ಮನೆಯ ಒಡತಿ ಅಕ್ಕರೆಯಿಂದ ಅವನಿಗೆ ಅಕ್ಷರಮಾಲೆಯನ್ನು ಕಲಿಸತೊಡಗಿದಳು. ಒಡೆಯನಿಗೆ ಇದು ತಿಳಿದೊಡನೆ ಪಾಠ ನಿಂತಿತು. ಓದು ಕಲಿತವನು ಗುಲಾಮನಾಗಿ ಉಳಿಯಲಾರನೆಂದು ಅವನು ಹೆಂಡತಿಗೆ ಎಚ್ಚರಿಕೆ ಹೇಳಿದನು. ಆ ಮಾತನ್ನು ಹುಡುಗನು ಕೇಳಿಸಿಕೊಂಡನು. ಬಿಡುಗಡೆಯ ದಾರಿ ಯಾವುದೆಂಬುದನ್ನು ತನಗೆ ತೋರಿಸಿದವನು ತನ್ನ ಒಡೆಯನೇ ಎಂದು ಅವನು ಮುಂದೆ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ.

ಅಲ್ಲಿಂದ ಮುಂದೆ ಬೀದಿಯೇ ಅವನ ಪಾಠಶಾಲೆ. ಮನೆಯಲ್ಲಿ ದೊರೆತ ರೊಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಹಸಿದ ಬಡ ಬಿಳಿಯ ಹುಡುಗರಿಗೆ ಕೊಟ್ಟು, ಬದಲಿಗೆ ಪಾಠ ಹೇಳಿಸಿಕೊಂಡನು. ಹಡಗು ಕಟ್ಟುವ ಅಂಗಳದಲ್ಲಿ ಬಡಗಿಗಳು ಮರದ ತುಂಡುಗಳ ಮೇಲೆ, ಅದು ಹಡಗಿನ ಎಡಕ್ಕೋ ಬಲಕ್ಕೋ ಎಂದು ಗುರುತಿಗಾಗಿ ಗೀಚಿದ್ದ ಒಂದೊಂದು ಅಕ್ಷರವನ್ನು ನೋಡಿ ಬರೆಯಲು ಕಲಿತನು. ಬೇಲಿಯ ಹಲಗೆಯೂ ಇಟ್ಟಿಗೆಯ ಗೋಡೆಯೂ ಅವನ ಪಾಟಿ. ಸುಣ್ಣದ ತುಂಡು ಅವನ ಬಳಪ. ತಡೆಯಲೆಂದು ಕಟ್ಟಿದ ಬೇಲಿಯ ಮೇಲೆಯೇ ಅವನು ಅಕ್ಷರ ತಿದ್ದಿದನು. 1838ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಉತ್ತರಕ್ಕೆ ಹೋದನು. 1845ರಲ್ಲಿ ತನ್ನ ಬಾಳಿನ ಕಥೆಯನ್ನು ಪ್ರಕಟಿಸಿದನು, 1847ರಲ್ಲಿ ತನ್ನದೇ ಪತ್ರಿಕೆಯನ್ನು ಆರಂಭಿಸಿದನು. ಒಡೆಯನು ಹೆದರಿದ್ದುದು ಸುಳ್ಳಾಗಲಿಲ್ಲ.

1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿಯಿತು. ಬಿಡುಗಡೆಯಾದ ಜನ ಶಾಲೆಗಳಿಗೆ ಮುತ್ತಿದರು. ಅಜ್ಜಿಯೂ ಮೊಮ್ಮಗುವೂ ಒಂದೇ ಪುಸ್ತಕದಿಂದ ಕಲಿತರು. 1870ರ ಜನಗಣತಿಯಲ್ಲಿ ಕಪ್ಪು ಜನರಲ್ಲಿ ನೂರಕ್ಕೆ ಸುಮಾರು 80 ಮಂದಿ ಅನಕ್ಷರಸ್ಥರು; 1910ರ ಹೊತ್ತಿಗೆ ಆ ಸಂಖ್ಯೆ ಸುಮಾರು 30ಕ್ಕೆ ಇಳಿದಿತ್ತು. ಬಡತನ, ಹಿಂಸೆ, ಹರಕು ಶಾಲೆಗಳ ನಡುವೆ ನಾಲ್ವತ್ತೇ ವರ್ಷಗಳಲ್ಲಿ ಆದ ಸಾಧನೆಯಿದು.

ಬಂಧುಗಳೆ, ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಯಾವ ಅಕ್ಷರವನ್ನು ಮೊದಲು ನಿಷೇಧಿಸಿದರೋ ಅದೇ ಅಕ್ಷರವನ್ನು ಈಗ ಪರೀಕ್ಷೆಯಾಗಿ ಮುಂದೊಡ್ಡಿದರು. 1890ರಲ್ಲಿ ಮಿಸಿಸಿಪಿ ಪ್ರಾಂತವು, ಮತ ಕೊಡಬೇಕಾದವನು ಸಂವಿಧಾನದ ಒಂದು ಭಾಗವನ್ನು ಓದಬೇಕು, ಇಲ್ಲವೆ ಓದಿದುದಕ್ಕೆ ಸರಿಯಾದ ಅರ್ಥ ಹೇಳಬೇಕು ಎಂದು ನಿಯಮ ಮಾಡಿತು. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಬಿಳಿಯ ಅಧಿಕಾರಿ. ಲೂಸಿಯಾನವು 1898ರಲ್ಲಿ, 1867ರ ಆರಂಭದಲ್ಲಿ ಯಾರ ತಂದೆಗೋ ತಾತನಿಗೋ ಮತದ ಹಕ್ಕಿತ್ತೋ ಅವರಿಗೆ ಪರೀಕ್ಷೆಯಿಲ್ಲವೆಂದಿತು. ಅಂದು ಆ ಪ್ರಾಂತದ ಕಪ್ಪು ಜನರಿಗೆ ಮತದ ಹಕ್ಕೇ ಇರಲಿಲ್ಲ! 1896ರಲ್ಲಿ ಅಲ್ಲಿ 1,30,000ಕ್ಕೂ ಮಿಕ್ಕಿದ್ದ ಕಪ್ಪು ಮತದಾರರು 1904ರಲ್ಲಿ ಸುಮಾರು 1,300ಕ್ಕೆ ಇಳಿದರು. ಶಿಕ್ಷಕರಾದ ನಮಗೆ ಇದು ವಿಶೇಷವಾಗಿ ನಾಚಿಕೆಯುಂಟುಮಾಡುವ ಸಂಗತಿ. ಪರೀಕ್ಷೆಯೆಂಬುದು ವಿದ್ಯೆಯ ಅಳತೆಗೋಲು. ಫೇಲು ಮಾಡಲೆಂದೇ ಇಟ್ಟ ಪರೀಕ್ಷೆ ವಿದ್ಯೆಗೆ ಮಾಡಿದ ದ್ರೋಹ. 1965ರ ಮತಾಧಿಕಾರ ಕಾಯಿದೆ ಈ ಪರೀಕ್ಷೆಗಳನ್ನು ದಕ್ಷಿಣದಲ್ಲಿ ತಡೆಯಿತು. 1975ರಲ್ಲಿ ಅವು ದೇಶದಾದ್ಯಂತ ಶಾಶ್ವತವಾಗಿ ನಿಂತುವು. ಆದರೂ ಆ ಕಾಯಿದೆಯ ಒಂದು ಮುಖ್ಯ ವಿಧಿಯನ್ನು 2013ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ರದ್ದುಮಾಡಿತು. ಗೆದ್ದ ಹಕ್ಕನ್ನು ಕಾಯುವ ಕೆಲಸ ಮುಗಿಯುವಂಥದಲ್ಲ.

ಇದೆಲ್ಲ ದೂರದ ಮಾತೆಂದು ಯಾರೂ ತಿಳಿಯಬಾರದು. 1873ರಲ್ಲಿ ಪುಣೆಯ ಜೋತಿಬಾ ಫುಲೆಯವರು 'ಗುಲಾಮಗಿರಿ' ಎಂಬ ಮರಾಠಿ ಗ್ರಂಥವನ್ನು ಬರೆದು, ಕಪ್ಪು ಜನರ ಬಿಡುಗಡೆಗಾಗಿ ಶ್ರಮಿಸಿದ ಅಮೆರಿಕದ ಸಜ್ಜನರಿಗೆ ಅದನ್ನು ಅರ್ಪಿಸಿದರು. ಅಕ್ಷರವನ್ನು ಕೆಲವರಿಗೆ ಮಾತ್ರ ಮೀಸಲಿಟ್ಟ ಸಮಾಜ ಅಮೆರಿಕದಲ್ಲಷ್ಟೇ ಇಲ್ಲವೆಂಬುದನ್ನು ಅವರು ಆಗಲೇ ಕಂಡಿದ್ದರು. 1946ರಲ್ಲಿ ಡಾಕ್ಟರ್ ಅಂಬೇಡ್ಕರರು ಅಮೆರಿಕದ ಕಪ್ಪು ಜನರ ಮಹಾವಿದ್ವಾಂಸರಾದ ಡು ಬಾಯ್ಸರಿಗೆ ಪತ್ರ ಬರೆದು, ಇಬ್ಬರ ಜನರ ಸ್ಥಿತಿಯಲ್ಲಿರುವ ಹೋಲಿಕೆಯನ್ನು ಎತ್ತಿ ತೋರಿದರು.

ಗಡಿನಾಡಿನ ನಮಗೂ ಕುಂದುಕೊರತೆಗಳುಂಟು. ಆದರೆ ಅವನ್ನು ಆ ಜನರ ಸಂಕಟದೊಡನೆ ತೂಗಿ ನೋಡುವುದು ವಿವೇಕವಲ್ಲ. ನಮ್ಮ ಬೆನ್ನಿನ ಮೇಲೆ ಕನ್ನಡ ಕಲಿತುದಕ್ಕಾಗಿ ಛಡಿಯ ಬಾಸುಂಡೆಗಳಿಲ್ಲ. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯದು. ನಮ್ಮ ಭಾಷೆಗೆ ಸ್ಥಳ ಕೇಳುವ ನಾವು, ನಮ್ಮದೇ ಊರಿನಲ್ಲಿ ಯಾರನ್ನು ಹೊಸ್ತಿಲಾಚೆ ನಿಲ್ಲಿಸಿದ್ದೇವೆ? ನಮ್ಮ ಕೇರಿಗಳಲ್ಲಿ ಇಂದಿಗೂ ಹೆಬ್ಬೆಟ್ಟು ಒತ್ತುವ ಹಿರಿಯರಿದ್ದಾರೆ. ಅವರ ಪೂರ್ವಿಕರ ಕೈಯಿಂದ ಬಳಪವನ್ನು ಕಸಿದವರು ಪರಭಾಷೆಯವರಲ್ಲ, ನಮ್ಮವರೇ. ಈ ಸಂಘದ ವಾಚನಾಲಯಕ್ಕೆ ಎಲ್ಲ ಕೇರಿಯ ಮಕ್ಕಳೂ ಅಳುಕಿಲ್ಲದೆ ಬರುತ್ತಾರೆಯೆ? ಬಾರದಿದ್ದರೆ ಬೇಲಿ ಇನ್ನೂ ನಿಂತಿದೆಯೆಂದೇ ಅರ್ಥ.

ಮುಂದಿನ ವಾರ್ಷಿಕೋತ್ಸವದ ವರದಿಯಲ್ಲಿ ಎಷ್ಟು ಹಾರ ತುರಾಯಿಗಳಾದುವೆಂಬ ಲೆಕ್ಕಕ್ಕಿಂತ, ಎಷ್ಟು ಮಂದಿ ಹೆಬ್ಬೆಟ್ಟನ್ನು ಬಿಟ್ಟು ತಮ್ಮ ಹೆಸರನ್ನು ತಾವೇ ಕನ್ನಡದಲ್ಲಿ ಬರೆದರೆಂಬ ಲೆಕ್ಕವು ಮೊದಲು ಬರಲಿ. ಆ ಕೆಲಸಕ್ಕೆ ನಮ್ಮಂತಹ ಶಿಕ್ಷಕರು ಸಂಜೆಯ ಹೊತ್ತನ್ನು ಕೊಡಲು ಸಿದ್ಧರಿದ್ದೇವೆ. ಬಳಪವನ್ನೂ ದೀಪವನ್ನೂ ಸಂಘವು ಒದಗಿಸಲೆಂದು ಕೋರುತ್ತೇವೆ.